ಮುಳ್ಳುಕಂಟಿ ಇಟ್ಟ ಮನೆ

ರಾಯಚೂರು
16 ಜೂನ್ 2024

ಮಂಜುಳಾ,

ಮಧ್ಯಾಹ್ನ ಮೂರು ಗಂಟೆ. ಮುಂಜಾನೆಯಿಂದ ಒಂದು ಚೀಲ ಮೆಣಸಿನಕಾಯಿಯ ತೊಟ್ಟು ಮುರಿದೆ. ಕೈ ಉರಿಯುತ್ತಿದೆ. ಪೆನ್ನಿಗೆ ಬಟ್ಟೆ ಸುತ್ತಿ ಹಿಡಿದಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ನಿನ್ನೆ ನಿನ್ನ ಗಂಡನಿಗೆ ಫೋನ್ ಮಾಡಿದ್ದೆ. "ಎಲ್ಲಾ ಬರೋಬರಿ ಅದ ಅತ್ತಿಗಿ" ಎಂದು ಇಟ್ಟುಬಿಟ್ಟ. ಮಾರೆಪ್ಪನಿಂದ ಅದಕ್ಕಿಂತ ಹೆಚ್ಚಿನ ಮಾತು ಯಾವತ್ತೂ ಹೊರಟದ್ದಿಲ್ಲ. ನಿನ್ನ ಕೈಗೆ ಕೊಡು ಎನ್ನುವಂತೆಯೂ ಇಲ್ಲ. ಸಣ್ಣಂದಿನ ಜ್ವರದಲ್ಲಿ ಕಿವಿ ಹೋದ ನಿನಗೆ ಫೋನ್ ಇದ್ದರೇನು, ಕಲ್ಲಿದ್ದರೇನು. ಆದರೆ ನೀನು ಏಳನೆಯ ಇಯತ್ತೆ ಓದಿದ್ದೀ, ನಾನೂ ಅಷ್ಟೇ. ನಮಗೆ ಕಾಗದ ಸಾಕು.

ತಮ್ಮ ಆನಂದನ ಖೋಲಿಯಲ್ಲಿದ್ದೇನೆ. ಅವನು ಕಾಳುಕಡಿಯ ಪೇಟೆ ಗಂಜ್‌ನಲ್ಲಿ ಹಮಾಲಿ ಮಾಡಲು ಮುಂಜಾನೆಯೇ ಹೋಗುತ್ತಾನೆ. ಮನೆಯ ಒಡತಿ ಶಹಜಾದಿ ಬೇಗಂ. ಅವರೂ ಗಂಡನನ್ನು ಕಳೆದುಕೊಂಡವರು. ಮೊದಲ ದಿನವೇ ಕೇಳಿದರು: "ಸ್ವಂತ ಮನಿ ಅದ ಅಂತಿ, ಮತ್ತ ಯಾಕ ಬಿಟ್ಟು ಬಂದಿ? ಯಾರರ ಹೊರಗ ಹಾಕಿದರೇನು?" ನಾನು ಹೇಳಿದೆ. ಮೇ ತಿಂಗಳ ಕೊನೆಗೆ ನನ್ನ ಗಂಡ ತೀರಿಕೊಂಡದ್ದು ಧನಿಷ್ಠ ಪಂಚಕದಲ್ಲಿ, ಆ ನಕ್ಷತ್ರದಲ್ಲಿ ಸಾವಾದರೆ ಮನೆಯನ್ನು ಆರು ತಿಂಗಳು ಬಿಡಬೇಕು ಎಂದು ಮಾನ್ವಿಯ ಅಯ್ಯನವರು ಪಂಚಾಂಗ ನೋಡಿ ಹೇಳಿದರು, ಬಾಗಿಲಿಗೆ ಜಾಲಿಯ ಮುಳ್ಳುಕಂಟಿ ಅಡ್ಡ ಇಟ್ಟು ಬಂದಿದ್ದೇನೆ ಎಂದು. ಅವರು ಬಾಯಿಯ ಎಲೆ ಉಗುಳಿ ಹೇಳಿದರು:

"ನಮ್ಮಾಗ ಗಂಡ ಸತ್ತರ ಹೆಂಗಸು ನಾಕು ತಿಂಗಳು ಹತ್ತು ದಿನ ಮನಿ ಬಿಟ್ಟು ಹೊರಗ ಬರಂಗಿಲ್ಲ. ನಿಮ್ಮಾಗ ಮನಿಯಾಗ ಇರಂಗಿಲ್ಲ. ಒಟ್ಟ ಹೆಂಗಸಿಗಿ ಸುಮ್ಕ ಕುಂತು ಅಳಾಕ ಬಿಡಂಗಿಲ್ಲ ನೋಡು ಯಾರೂ."

ನನಗೆ ನಗು ಬಂತು. ಬಂದ ಮೇಲೆ ನಾಚಿಕೆಯಾಗಿ ಒಳಗೆ ಹೋದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ ಎನ್ನಬೇಡ. ಬರೆಯದೆ ಕೈ ಮುಂದೆ ಹೋಗುವುದಿಲ್ಲ. ನಮ್ಮ ದೊಡ್ಡಿಯೆಂದರೆ ಹೊಲಗಳ ನಡುವಿನ ಒಂಬತ್ತೇ ಮನೆ. ಹಳ್ಳದ ದಂಡೆಗೆ ಒಂಬತ್ತೂ ಮನೆಯ ನೀರೆತ್ತುವ ಮೋಟಾರು. ಅಲ್ಲಿ ಮಲಗಿ ಕಾಯುತ್ತಿದ್ದವರು ನಿನ್ನ ಭಾವ ಒಬ್ಬರೇ. "ಹುಲಗಣ್ಣ ಅದಾನಲ್ಲ" ಎಂದು ಎಲ್ಲರೂ ನಿದ್ದೆ ಮಾಡಿದರು. ಹಾವು ಕಚ್ಚಿದ ಮೇಲೂ ಅವರು ತಾವೇ ನಡೆದು ಮನೆಗೆ ಬಂದರು. ದೇವದುರ್ಗದಿಂದ ಗಾಡಿ ಬರುವಷ್ಟರಲ್ಲಿ ಮುಗಿದಿತ್ತು. ಜೊತೆಗೆ ಇನ್ನೊಬ್ಬರು ಇದ್ದಿದ್ದರೆ ಅಷ್ಟು ದೂರ ನಡೆಯಲು ಬಿಡುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ.

ಮನೆಯ ಮೇಲೆ ಒಂದು ಕಣ್ಣಿಡು. ಮಕ್ಕಳಿಲ್ಲದ ನನಗೆ ಉಳಿದದ್ದು ಆ ಮೂರಂಕಣ ಮಣ್ಣಿನ ಮನೆಯೊಂದೇ. ಮಳೆಗೆ ಮಾಳಿಗೆ ಏನಾಯಿತು ಎಂದು ಬರೆ.

ನಾಳೆ ಇನ್ನೊಂದು ಚೀಲ ಮೆಣಸಿನಕಾಯಿ ಬರುತ್ತದೆ.

ಅಮರಮ್ಮ


ಹುಣಸಿದೊಡ್ಡಿ
14 ಜುಲೈ 2024

ಅಕ್ಕಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆದಿಟ್ಟರೂ ದೇವದುರ್ಗದ ಸಂತೆಗೆ ಹೋಗದೆ ಅಂಚೆಗೆ ಹಾಕುವ ದಾರಿ ಇರಲಿಲ್ಲ. ಮಳೆ, ಕೆಸರು.

ಹಳ್ಳ ತುಂಬಿ ಬಂದಿದೆ. ಮೋಟಾರುಗಳನ್ನೆಲ್ಲ ಮೇಲೆ ಎಳೆದರು. ಹಳ್ಳದಾಚೆಯ ದೊಡ್ಡಿಯಲ್ಲಿ ಹೀಗೆ ಮೇಲೆ ಎಳೆದಿಟ್ಟಿದ್ದ ಮೂರು ಮೋಟಾರು, ಕೇಬಲ್ ಸಮೇತ ಒಂದೇ ವಾರದಲ್ಲಿ ಹೋದವು. ತಾಮ್ರಕ್ಕಾಗಿ ಒಯ್ಯುತ್ತಾರಂತೆ. ಅಲ್ಲಿಯ ಮುದುಕನೊಬ್ಬ ಎದ್ದು ಕೇಳಲು ಹೋದದ್ದಕ್ಕೆ ಕೈ ಮುರಿದಿದ್ದಾರೆ. ನಮ್ಮ ದೊಡ್ಡಿಯ ಗಂಡಸರು ಹುಣಸೆಮರದ ಕೆಳಗೆ ಕೂತು ದಿನಾಲು ಮಾತಾಡುತ್ತಾರೆ. ಎಲ್ಲರ ಬಾಯಿಯೂ ಒಟ್ಟಿಗೆ ಅಲ್ಲಾಡುತ್ತದೆ, ಯಾರು ಏನೆಂದರು ಎಂದು ನನಗೆ ತಿಳಿಯುವುದಿಲ್ಲ. ನಿನ್ನ ಮೈದುನನ ಹೆಗಲು ಭಾರ ಹೊತ್ತು ಸುಲಿದಿದೆ. ಅರಿಶಿನ ಹಚ್ಚುತ್ತಿದ್ದೇನೆ.

ನಿನ್ನ ಮನೆ ಹೇಗಿತ್ತೋ ಹಾಗೇ ಇದೆ. ಬಾಗಿಲ ಮುಳ್ಳು ಅಲುಗಿಲ್ಲ. ಅತ್ತ ಯಾರೂ ಹೋಗುವುದಿಲ್ಲ. ಮಾಳಿಗೆ ಗಟ್ಟಿಯಾಗಿದೆ, ಒಂದು ಹನಿಯೂ ಒಳಗೆ ಬಿದ್ದಿಲ್ಲ. ನೀನು ಚಿಂತೆ ಮಾಡಬೇಡ.

ನಿನ್ನ ಎಮ್ಮೆ ನನ್ನ ಕೈಗೆ ಹಾಲು ಕೊಡುತ್ತಿದೆ. ಮೊದಲು ಒದೆಯಿತು, ನಿನ್ನ ಹಳೆಯ ಸೀರೆ ಹೊದ್ದುಕೊಂಡು ಹೋದೆ, ಸುಮ್ಮನಾಯಿತು.

ಮಂಜುಳಾ


ರಾಯಚೂರು
11 ಆಗಸ್ಟ್ 2024

ಮಂಜುಳಾ,

ಬೆಳಗಿನ ಹತ್ತು ಗಂಟೆ. ಇವತ್ತು ಕೆಲಸಕ್ಕೆ ಕೈ ಹಾಕಿಲ್ಲ.

ನಿನ್ನೆ ನಮ್ಮ ದೊಡ್ಡಿಯ ಅಂಬರೀಶ ಹೆಸರುಕಾಳು ಮಾರಲು ಗಂಜ್‌ಗೆ ಬಂದಿದ್ದ. ಆನಂದ ಅವನನ್ನು ಊಟಕ್ಕೆ ಕರೆತಂದ. ಉಂಡು ಕೈ ತೊಳೆಯುವಾಗ ಹೇಳಿದ:

"ಅಮರಕ್ಕ, ನಿಮಗ ಹೇಳಬೇಕೋ ಬ್ಯಾಡೋ ಗೊತ್ತಿಲ್ಲ. ಹುಲಗಣ್ಣ ಇನ್ನಾ ಹೋಗಿಲ್ಲ. ಹೊತ್ತು ಮುಣಗಿದ ಮ್ಯಾಲ ಬ್ಯಾಟ್ರಿ ಹಿಡಕೊಂಡು ಹಳ್ಳದ ದಂಡಿಗುಂಟ ಓಡ್ಯಾಡ್ತಾನ. ಮನಿಯೊಳಗ ಕೆಮ್ಮತಾನ. ನಮ್ಮವ್ವ ಕೇಳ್ಯಾಳ. ಸುತ್ತಲ ಊರಾಗೆಲ್ಲಾ ಇದ ಮಾತು."

ಅವರ ಕೆಮ್ಮು ನನಗೆ ಗೊತ್ತು. ಮೊದಲು ಒಂದು ಸಣ್ಣದು, ಆಮೇಲೆ ಎರಡು ದೊಡ್ಡವು. ಅಂಬರೀಶ ಹಾಗೆಯೇ ಕೆಮ್ಮಿ ತೋರಿಸಿದ. ನನ್ನ ಕೈಯಲ್ಲಿದ್ದ ಚರಿಗೆ ಬಿತ್ತು.

ನಾವು ಕಾರ್ಯದಲ್ಲಿ ಏನು ಕಡಿಮೆ ಮಾಡಿದೆವು? ಅಯ್ಯನವರು ಹೇಳಿದ್ದನ್ನೆಲ್ಲ ಮಾಡಿದೆವು. ಮತ್ತೆ ಯಾಕೆ ಅವರಿಗೆ ನೆಲೆ ಸಿಕ್ಕಿಲ್ಲ? ಜೀವ ಹೋಗುವಾಗ ನೀರು ಕೇಳಿದ್ದರು, ವಿಷ ಏರುತ್ತದೆ ಎಂದು ಯಾರೋ ಬೇಡವೆಂದರು, ನಾನು ಕೊಡಲಿಲ್ಲ. ಅದಕ್ಕೇ ಇರಬೇಕು. ನಿನ್ನೆಯಿಂದ ಕಿಟಕಿಯಲ್ಲಿ ಒಂದು ಚರಿಗೆ ನೀರಿಡುತ್ತಿದ್ದೇನೆ. ರಾಯಚೂರಿನ ತನಕ ಅವರು ಬರುತ್ತಾರೋ ಇಲ್ಲವೋ ತಿಳಿಯದು. ಅವರು ಈ ಊರಿಗೆ ಬಂದದ್ದೇ ಕಡಿಮೆ. ಬೇಗಂ ಚರಿಗೆ ನೋಡಿದರು. ಇವತ್ತು ಮುಂಜಾನೆ ತಾವೇ ನೀರು ಬದಲಿಸಿಟ್ಟಿದ್ದರು.

ನೀನು ಪಕ್ಕದ ಮನೆಯಲ್ಲೇ ಇದ್ದೀ. ನಿನ್ನ ಕಣ್ಣಿಗೆ ಕಂಡದ್ದೇನು? ಹೌದೋ ಅಲ್ಲವೋ, ಎರಡರಲ್ಲಿ ಒಂದು ಬರೆ.

ಅಮರಮ್ಮ


ಹುಣಸಿದೊಡ್ಡಿ
1 ಸೆಪ್ಟೆಂಬರ್ 2024

ಅಕ್ಕಾ,

ಜನ ಏನೇನೋ ಅನ್ನುತ್ತಾರೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೆಮ್ಮು ನನಗೆ ಕೇಳಿಸುವುದಿಲ್ಲ. ಆದ್ದರಿಂದ ಹೌದು ಎನ್ನಲಾರೆ, ಅಲ್ಲ ಎನ್ನಲಾರೆ.

ಇಲ್ಲಿ ಎರಡು ಸಾಲು ಹೊಡೆದು ಹಾಕಿದ್ದೇನೆ. ತಪ್ಪು ಬರೆದಿದ್ದೆ.

ಒಂದು ಹೊಸ ಸುದ್ದಿ. ನಮ್ಮ ದೊಡ್ಡಿಯ ಮನೆಗಳಿಗೆ ಹಕ್ಕುಪತ್ರ ಕೊಡುತ್ತಾರಂತೆ. ಇಷ್ಟು ವರ್ಷ ಯಾವ ಕಾಗದವೂ ಇಲ್ಲದೆ ಇದ್ದೇವಲ್ಲ, ಇನ್ನು ಅಳತೆಯವರು ಬಂದು ಯಾವ ಮನೆಯಲ್ಲಿ ಯಾರಿದ್ದಾರೋ ಅವರ ಹೆಸರಿಗೆ ಬರೆದುಕೊಳ್ಳುತ್ತಾರಂತೆ. ಮಳೆಗಾಲ ಮುಗಿದ ಮೇಲೆ ಬರುತ್ತಾರೆ ಎಂದು ಪಂಚಾಯ್ತಿಯಲ್ಲಿ ಹೇಳಿದರಂತೆ. ಎಲ್ಲರೂ ಸಂತೋಷವಾಗಿದ್ದಾರೆ.

ಹತ್ತಿ ಚೆನ್ನಾಗಿ ಬಂದಿದೆ. ಎಮ್ಮೆಗೆ ಈಗ ಸೀರೆ ಬೇಕಿಲ್ಲ.

ನೀರಿಡುವುದನ್ನು ಬಿಟ್ಟುಬಿಡಕ್ಕಾ. ದಿನಾಲು ಅದನ್ನೇ ನೆನೆದು ನನಗೆ ಅನ್ನ ಸೇರುವುದಿಲ್ಲ.

ಮಂಜುಳಾ


ರಾಯಚೂರು
29 ಸೆಪ್ಟೆಂಬರ್ 2024

ಮಂಜುಳಾ,

ಸಂಜೆ ಐದು ಗಂಟೆ. ಆನಂದ ಮೊನ್ನೆ ದೇವದುರ್ಗಕ್ಕೆ ಲಾರಿಯ ಜೊತೆ ಹೋದವನು ದೊಡ್ಡಿಗೂ ಹೋಗಿ ಬಂದ. ನಾನು ಕಳಿಸಿರಲಿಲ್ಲ. ಅಕ್ಕನ ಮನೆ ನೋಡಿ ಬರೋಣ ಎಂದು ಅವನೇ ಹೋಗಿದ್ದ.

ಮನೆಯ ಮುಂದೆ ಮುಳ್ಳು ಹಾಗೇ ಇದೆಯಂತೆ. ಹಿಂದೆ ಮಾತ್ರ ಬಂಡಿಯ ಗಾಲಿ ಹೊರಳಿದ ಗುರುತು. ಹಿಂದಿನ ಗೋಡೆಯನ್ನು ಆಳು ನುಗ್ಗುವಷ್ಟು ಒಡೆದು, ಬಿದಿರಿನ ತಟ್ಟಿಯಿಂದ ಮುಚ್ಚಿದ್ದಾರಂತೆ. ಅವನು ತಟ್ಟಿಗೆ ಕೈ ಹಾಕಿದಾಗ ಮಾರೆಪ್ಪ ಓಡಿ ಬಂದನಂತೆ.

"ಏ ಆನಂದ, ಏನ್ ಮಾಡ್ತಿಯೋ? ದೋಷ ಹತ್ತತದ ನೋಡಪಾ, ನಾಳಿ ಹೆಂಡ್ರು ಮಕ್ಕಳು ಮಾಡಿಕೊಳ್ಳಾಂವ ನೀನು!"

"ಮತ್ತ ಗ್ವಾಡಿ ಯಾರ ಒಡದಾರ ಮಾವ?"

"ಮಳಿಗಿ ಬಿದ್ದದ."

ಮಳೆಗೆ ಬಿದ್ದ ಗೋಡೆಗೆ ಗುದ್ದಲಿಯ ಏಟು ಯಾಕಿದೆ ಎಂದು ಆನಂದ ಕೇಳಲಿಲ್ಲ. ಹಮಾಲನಾದರೂ ನನ್ನ ತಮ್ಮ ಮೆತ್ತಗಿನವನು.

ನಿನ್ನ ಜುಲೈ ತಿಂಗಳ ಕಾಗದವನ್ನು ಮತ್ತೆ ತೆಗೆದು ಓದಿದೆ. ಒಂದು ಹನಿಯೂ ಒಳಗೆ ಬಿದ್ದಿಲ್ಲ ಎಂದು ಬರೆದಿದ್ದೀ. ಯಾರೂ ಅತ್ತ ಹೋಗುವುದಿಲ್ಲ ಎಂದೂ ಬರೆದಿದ್ದೀ. ಒಳಗೆ ಹೋಗದೆ ಹನಿ ಬಿದ್ದಿಲ್ಲವೆಂದು ಹೇಗೆ ತಿಳಿಯಿತು, ತಂಗೀ?

ನಿನ್ನೆ ಮಾರೆಪ್ಪನೇ ಫೋನ್ ಮಾಡಿದ. ತಾನಾಗಿ ಮಾಡಿದ್ದು ಇದೇ ಮೊದಲು. ಅಯ್ಯನವರು ಆರು ತಿಂಗಳು ಮುಗಿದ ಮೇಲೂ ಇನ್ನೂ ಮೂರು ತಿಂಗಳು ಮುಳ್ಳು ತೆಗೆಯಬೇಡಿ ಅಂದಿದ್ದಾರೆ, ಅಣ್ಣನ ಓಡಾಟ ನಿಂತಿಲ್ಲ, ಫೆಬ್ರವರಿಯ ತನಕ ಅಲ್ಲೇ ಇರ್ರಿ ಎಂದ. ಅಷ್ಟರಲ್ಲಿ ಅಳತೆಯವರು ಬಂದು ಹೋಗಿರುತ್ತಾರೆ. ನನ್ನ ಮನೆಯೊಳಗೆ ಯಾರಿದ್ದಾರೋ ಅವರ ಹೆಸರು ಬಿದ್ದಿರುತ್ತದೆ.

ನಿನ್ನನ್ನು ನೆಗೆಣ್ಣಿ, ಮೈದುನನ ಹೆಂಡತಿ ಎಂದು ನಾನು ಯಾವತ್ತೂ ಕಂಡಿಲ್ಲ. ನಿನಗೆ ಮನೆ ಬೇಕಿದ್ದರೆ ಬೇಕು ಎನ್ನಬಹುದಿತ್ತು. ಅವರು ನೆಲೆಯಿಲ್ಲದೆ ಅಲೆಯುತ್ತಿರುವಾಗಲೇ ಅವರ ಗೋಡೆ ಒಡೆಯಬೇಕಿತ್ತೇ?

ಅಮರಮ್ಮ


ರಾಯಚೂರು
20 ಅಕ್ಟೋಬರ್ 2024

ಮಂಜುಳಾ,

ರಾತ್ರಿಯ ಊಟವಾಯಿತು. ನಿನ್ನಿಂದ ಉತ್ತರವಿಲ್ಲ. ಉತ್ತರವಿಲ್ಲದಿರುವುದೂ ಒಂದು ಉತ್ತರ ಎಂದುಕೊಂಡು ಇವತ್ತು ಮಾನ್ವಿಗೆ ಹೋಗಿದ್ದೆ. ಬಸ್ಸು ಕಲ್ಲೂರಿನಲ್ಲಿ ನಿಂತಾಗ ನಿನ್ನ ತವರಿನ ಓಣಿಯತ್ತ ನೋಡಿದೆ. ನಿನ್ನ ಮದುವೆಯಲ್ಲಿ ನಿನ್ನನ್ನು ಅಲ್ಲಿಂದ ಕರೆತಂದವಳು ನಾನೇ.

ಅಯ್ಯನವರು ಅಂಗಳದಲ್ಲಿ ಜೋಳ ಒಣಹಾಕುತ್ತಿದ್ದರು. ನಾನು ಕೇಳಿದ್ದಕ್ಕೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

"ಯವ್ವಾ, ಆರು ತಿಂಗಳು ಅಂದಿದ್ದೆ, ಆರು. ಮ್ಯಾಲಿನ ಮೂರು ಯಾರು ಕೂಡಿಸಿದರು? ನಕ್ಷತ್ರ ಏನು ನಿಮ್ಮ ಮೈದುನನ ಮಾತು ಕೇಳಿ ತಿರಗತದೇನು?"

"ನನ್ನ ಗಂಡ ಇನ್ನಾ ಅಲ್ಯಾಡ್ತಾರಂತ ಅಂತಾರರೀ."

"ನಾ ಪಂಚಾಂಗ ನೋಡಾಂವ ಬೇ. ಅಲ್ಯಾಡೋರನ್ನ ನೋಡಾಂವಲ್ಲ. ನವೆಂಬರ್ ಮುಗದ ಮ್ಯಾಲ ನೀ ಬಾಗಲಾ ತಗಿ. ಒಂದು ದೀಪಾ ಹಚ್ಚು. ಮುಗೀತು."

ಆದ್ದರಿಂದ ಕೇಳು. ಡಿಸೆಂಬರ್ ಮೊದಲ ದಿನ ನಾನು ಬರುತ್ತೇನೆ. ಒಳಗೆ ಯಾರೇ ಇರಲಿ, ಹೊರಗೆ ಹಾಕುವ ಶಕ್ತಿ ನನಗಿಲ್ಲ. ಅಳತೆಯವರು ಬರುವತನಕ ಹೊಸ್ತಿಲ ಮೇಲೆ ಕೂತಿರುತ್ತೇನೆ. ಇದನ್ನು ನಿನ್ನ ಗಂಡನಿಗೆ ಓದಿ ಹೇಳು.

ನೀರು ಇನ್ನೂ ಇಡುತ್ತಿದ್ದೇನೆ. ಅದನ್ನು ಬಿಡೆಂದು ಹೇಳುವ ಹಕ್ಕು ನಿನಗಿಲ್ಲ.

ಅಮರಮ್ಮ


ಕಲ್ಲೂರು
8 ನವೆಂಬರ್ 2024

ಅಕ್ಕಾ,

ನಾನು ತವರಿಗೆ ಬಂದಿದ್ದೇನೆ. ದೀಪಾವಳಿಗೆ ಬಂದದ್ದಲ್ಲ. ಯಾಕೆಂದು ಕಡೆಗೆ ಬರೆಯುತ್ತೇನೆ. ಮೊದಲು ನೀನು ಕೇಳಿದ್ದಕ್ಕೆ ಉತ್ತರ: ಅಲ್ಲ. ಭಾವ ಅಲೆಯುತ್ತಿಲ್ಲ. ಯಾವತ್ತೂ ಅಲೆದಿಲ್ಲ.

ಜುಲೈಯಲ್ಲಿ ಆಚೆ ದೊಡ್ಡಿಯ ಮೋಟಾರು ಹೋದವೆಂದು ಬರೆದಿದ್ದೆನಲ್ಲ. ಅವುಗಳಲ್ಲಿ ಕಡೆಯದು ಹೋದ ಮರುದಿನವೇ ನಮ್ಮವರು ಹುಣಸೆಮರದ ಕೆಳಗೆ ಕೂತರು. ಇನ್ನು ಯಾರು ಕಾಯಬೇಕು ಎಂಬ ಮಾತು ಬಂತು. ನಾನು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಎಲ್ಲರೂ ನೆಲ ನೋಡಿದರು. ಹಾವು ಇರುವ ಜಾಗ, ಮೇಲೆ ಕಳ್ಳರು ಕೈ ಮುರಿಯುವವರು. ಆಗ ನನ್ನ ಗಂಡ ಅಂದದ್ದನ್ನು ಅವನ ತುಟಿಯಲ್ಲೇ ಓದಿದೆ: "ನಮ್ಮಣ್ಣನ ಮನಿಯಾಗ ಇಡೋಣು. ಕಳ್ಳರು ಏನು ದಿಲ್ಲಿಯಿಂದ ಬರ್ತಾರೇನು, ಇಲ್ಲೇ ಸುತ್ತಲಿನವರು. ಪಂಚಕದ ಮನಿ ಮುಳ್ಳು ದಾಟಾಕ ಅವರಪ್ಪಗೂ ಆಗಂಗಿಲ್ಲ."

ಹೌದು ಎನ್ನಿಸಿತು ಎಲ್ಲರಿಗೂ. ಆದರೆ ಆ ಮುಳ್ಳನ್ನು ದಾಟಲು ಇವರಿಗೂ ಆಗದು. ಅದಕ್ಕೆ ಹಿಂದಿನ ಗೋಡೆ ಒಡೆದರು. "ಬಾಗಲಾ ದಾಟಿದರ ದೋಷ. ಗ್ವಾಡಿ ದಾಟಿದರ ಏನದ?" ಎಂದು ಅಂಬರೀಶನ ಅಪ್ಪ ನ್ಯಾಯ ಹೇಳಿದ. ಒಳಗೆ ಹೋಗುವ ಮೊದಲು ಒಬ್ಬೊಬ್ಬರೂ ಕೈ ಮುಗಿದು "ಹುಲಗಣ್ಣಾ, ಸಿಟ್ಟಾಗಬ್ಯಾಡಪಾ, ನಿನ್ನ ಮೋಟರ್ ಸೈತ ಇಲ್ಲೇ ಇಟ್ಟೀವಿ" ಎನ್ನುತ್ತಿದ್ದರು. ಒಂಬತ್ತು ಮೋಟಾರು, ಸ್ಟಾರ್ಟರು, ಕೇಬಲ್ಲಿನ ಸುರುಳಿ. ಈಗ ಎಲ್ಲರ ಹತ್ತಿಯೂ ಅಲ್ಲಿದೆ. ನಿನ್ನ ಮನೆಯಲ್ಲಿ ಯಾರೂ ವಾಸವಿಲ್ಲ ಅಕ್ಕಾ. ದೊಡ್ಡಿಯ ಬದುಕೆಲ್ಲ ಅಲ್ಲಿದೆ. ರೇಟು ಬರುವತನಕ ಹತ್ತಿ ಇಡಬೇಕು, ಅದಕ್ಕೆ ಮೂರು ತಿಂಗಳು ಕೂಡಿಸಿದರು. ಹೆಸರು ಬರೆಸಿಕೊಳ್ಳುವ ಆಸೆ ಯಾರಿಗಿತ್ತೋ ಇಲ್ಲವೋ ನನಗೆ ತಿಳಿಯದು. ಅಳತೆಗೆ ನೀನು ಇರಬೇಕು ಎಂದು ಒಬ್ಬರೂ ನೆನಪು ಮಾಡಲಿಲ್ಲ ಎನ್ನುವುದು ಮಾತ್ರ ಖರೆ.

ಬರೀ ಮುಳ್ಳು ಸಾಲದು ಎನಿಸಿತು ನನ್ನ ಗಂಡನಿಗೆ. ಸಂಜೆ ಬ್ಯಾಟರಿ ಹಿಡಿದು ಹಳ್ಳದ ಆ ದಂಡೆಗೆ ಹೋಗಿ ಬರತೊಡಗಿದ. ಕೆಮ್ಮನ್ನೂ ಕಲಿತ. ನನಗೆ ಕೇಳಿಸದೆಂದು ನನ್ನ ಮುಂದೆಯೇ ಒಲೆ ಹತ್ತಿರ ಕೂತು ಕೆಮ್ಮಿ ಕೆಮ್ಮಿ ನೋಡುತ್ತಿದ್ದ. ಮೊದಲು ಒಂದು ಸಣ್ಣದು, ಆಮೇಲೆ ಎರಡು ದೊಡ್ಡವು. ಅವನ ಕೊರಳ ನರ ಉಬ್ಬುವುದನ್ನು ಕಂಡೇ ನನಗೆ ತಿಳಿಯಿತು, ಅದು ಭಾವನ ಕೆಮ್ಮು ಎಂದು. ಈ ಗುಟ್ಟು ಹಿರಿಯ ಗಂಡಸರಿಗಷ್ಟೇ ಗೊತ್ತು, ಅಂಬರೀಶ, ಅವನ ತಾಯಿ ಇಬ್ಬರೂ ಅದನ್ನು ಖರೆ ಎಂದೇ ನಂಬಿದ್ದಾರೆ. ನಾನು ಹೊಡೆದು ಹಾಕಿದ ಆ ಎರಡು ಸಾಲು ಇದೇ. ಹೊರಗೆ ಗೊತ್ತಾದರೆ ದೊಡ್ಡಿಯೇ ಬರಿದಾಗುತ್ತದೆ ಎಂದು ನನ್ನಿಂದ ಆಣೆ ಹಾಕಿಸಿದ್ದರು.

ನಿನ್ನ ಅಕ್ಟೋಬರ್ ಕಾಗದವನ್ನು ಅವನ ಮುಂದೆ ಇಟ್ಟೆ. ಕಿಟಕಿಯ ನೀರಿನ ಸಾಲು ತೋರಿಸಿದೆ. ನಾನು ಅಂದೆ, "ಇದ್ದಾಗ ಅವರೊಬ್ಬರ ಕೈಲೆ ಕಾಯಿಸಿದಿರಿ. ಸತ್ತ ಮ್ಯಾಲೂ ಬಿಡವಲ್ಲಿರಿ. ಅವರಿಗೇನು ರಜಾ ಇಲ್ಲೇನು?" ಅವನು ಎದ್ದು ನಿಂತ. "ನೀ ಇದನ್ನ ಅತ್ತಿಗಿಗಿ ಬರದರ ಈ ಮನಿಯಾಗ ಇರಬ್ಯಾಡ" ಎಂದ. ಅವನು ಅದನ್ನು ಜೋರಾಗಿ ಅಂದನೋ ಮೆತ್ತಗೆ ಅಂದನೋ ನನಗೆ ಗೊತ್ತಾಗಲಿಲ್ಲ. ಮರುದಿನ ಕಲ್ಲೂರಿಗೆ ಬಂದೆ.

ಇನ್ನು ನೀರಿಡಬೇಡ ಎನ್ನಬಹುದೇ?

ಮಂಜುಳಾ


ರಾಯಚೂರು
14 ನವೆಂಬರ್ 2024

ಮಂಜುಳಾ,

ಮಧ್ಯಾಹ್ನ. ನಿನ್ನ ಕಾಗದ ಓದಿ ನಿನ್ನೆ ಇಡೀ ದಿನ ಏನೂ ಮಾಡಲಿಲ್ಲ. ಬೇಗಂ ಊಟ ತಂದಿಟ್ಟು, "ಯಾರ ಸತ್ತರು?" ಎಂದು ಕೇಳಿದರು. ಯಾರೂ ಇಲ್ಲ, ಸತ್ತವರು ಸತ್ತೇ ಇದ್ದಾರಂತೆ ಎಂದೆ. ಅವರಿಗೆ ಏನೂ ತಿಳಿಯಲಿಲ್ಲ, ಆದರೂ ನನ್ನ ತಲೆ ಸವರಿದರು.

ಅವರು ಬಾಯಾರಿ ತಿರುಗುತ್ತಿದ್ದಾರೆ ಎಂದು ಮೂರು ತಿಂಗಳು ನಾನು ಕುಡಿಯುವ ನೀರನ್ನೆಲ್ಲ ಅರ್ಧಕ್ಕೇ ಕೆಳಗಿಡುತ್ತಿದ್ದೆ. ಅದು ಸುಳ್ಳು ಎಂದದ್ದಕ್ಕೆ ನಿನ್ನ ಕಾಲಿಗೆ ಬೀಳಬೇಕು. ಅದೇ ಸುಳ್ಳಿಗೆ ಮಾರೆಪ್ಪನನ್ನು ಏನು ಮಾಡಬೇಕೋ ತಿಳಿಯದು. ಸತ್ತವನ ಕೆಮ್ಮನ್ನೂ ಕದಿಯಬಹುದು ಎಂದು ನನಗೆ ಗೊತ್ತಿರಲಿಲ್ಲ. ಹೊರಗಿನ ಕಳ್ಳರು ತಾಮ್ರವನ್ನಷ್ಟೇ ಒಯ್ಯುತ್ತಾರೆ.

ನಿನ್ನ ಮೇಲೆ ಆ ಮಾತು ಹೊರಿಸಿದ್ದು ನನ್ನ ತಪ್ಪು. ಹೇಳುವುದಕ್ಕೆ ಮನೆ ಬಿಟ್ಟು ಬರಬೇಕಾಯಿತು ನಿನಗೆ.

ಇವತ್ತು ಕಿಟಕಿಯಲ್ಲಿ ನೀರಿಡಲಿಲ್ಲ.

ಅಮರಮ್ಮ


ಹುಣಸಿದೊಡ್ಡಿ
3 ಡಿಸೆಂಬರ್ 2024

ಮಂಜುಳಾ,

ಸಂಜೆ ಆರೂವರೆ. ನನ್ನ ಮನೆಯೊಳಗೆ ಕೂತು ಬರೆಯುತ್ತಿದ್ದೇನೆ. ಇವತ್ತು ಹಿಂದಿನ ಗೋಡೆಗೆ ಮಣ್ಣು ಕಟ್ಟಿಸಿದೆ. ಹಸಿ ಮಣ್ಣಿನ ವಾಸನೆ ಇನ್ನೂ ಹೋಗಿಲ್ಲ. ಕಟ್ಟಿದವನು ಮಾರೆಪ್ಪ. ಮುಂಜಾನೆಯಿಂದ ನನ್ನ ಮುಖ ನೋಡಿಲ್ಲ.

ಭಾನುವಾರ ಬಂದೆ. ಬಸ್ಸಿಗೆ ಕೂಡಿಸಲು ಬಂದ ಶಹಜಾದಿ ಬೇಗಂ ನನ್ನ ಚೀಲ ಮುಟ್ಟಿ ನೋಡಿ, "ಮಿರ್ಚಿ ತೊಟ್ಟು ಮುರದ ದುಡ್ಡಿಗಿ ಎಲ್ಲಾ ಹೆಂಗಸರು ಸೀರಿ ತಗೋತಾರ, ಇಕಿ ಬೂಟ್ ತಗೊಂಡಾಳ!" ಎಂದು ಬಸ್ಸಿನವರಿಗೆಲ್ಲ ಕೇಳಿಸುವಂತೆ ನಕ್ಕರು. ಮೊಣಕಾಲಿನ ತನಕ ಬರುವ ರಬ್ಬರಿನ ಬೂಟು, ಎರಡು ಜೊತೆ. ಯಾಕೆಂದು ಮುಂದೆ ಬರೆಯುತ್ತೇನೆ.

ನಾನು ಬಾಗಿಲ ಮುಂದೆ ನಿಂತಾಗ ದೊಡ್ಡಿಯೆಲ್ಲ ಹೊರಗೆ ಬಂತು. ಮಾರೆಪ್ಪ ಮುಂದೆ ಬಂದ. "ಅತ್ತಿಗಿ, ಮುಳ್ಳು ಚುಚ್ಚತಾವ, ನಾ ತಗೀತೀನಿ."

"ಇಟ್ಟಾಕಿ ನಾನು. ತಗಿಯಾಕಿನೂ ನಾನ."

ಚುಚ್ಚಿದವು. ಒಳಗೆ ಹೋದೆ. ನೀನು ಬರೆದಂತೆಯೇ ಇತ್ತು. ಮೋಟಾರುಗಳ ಎಣ್ಣೆ ವಾಸನೆ, ಹತ್ತಿ ಅಟ್ಟದ ತನಕ. ನಡುಮನೆಯಲ್ಲಿ ಅವರನ್ನು ಮಲಗಿಸಿದ್ದೆವಲ್ಲ, ಆ ಜಾಗದಲ್ಲಿ ಮಾತ್ರ ಯಾರೂ ಏನೂ ಇಟ್ಟಿರಲಿಲ್ಲ. ಸುತ್ತಲೂ ಒಟ್ಟಿ, ಅಷ್ಟನ್ನು ಬರಿದು ಬಿಟ್ಟಿದ್ದರು. ಅಲ್ಲೇ ದೀಪ ಹಚ್ಚಿದೆ. ಅಲ್ಲೇ ಮಲಗಿದೆ.

ನಿನ್ನೆ ಅಳತೆಯವರು ಬಂದರು. ಟೇಪು ಹಿಡಿದವನು ಒಳಗೆ ಇಣುಕಿ, "ಇದೇನು ಗೋಡೌನ್ ಏನ್ರೀ? ವಾಸದ ಮನಿ ಅಲ್ಲಂದ್ರ ಬರಕೊಳ್ಳಾಕ ಬರಂಗಿಲ್ಲ" ಎಂದ. ದೊಡ್ಡಿಯವರು ಸಾಮಾನು ತಮ್ಮದು ಎಂದರೆ ಗುಟ್ಟು ಹೊರಬೀಳುತ್ತದೆ, ಸುಮ್ಮನಿದ್ದರೆ ನನ್ನ ಮನೆ ಹೋಗುತ್ತದೆ. ಮಾರೆಪ್ಪನ ಗಂಟಲು ಏರಿಳಿಯುವುದನ್ನು ನಿನ್ನ ಹಾಗೆ ನಾನೂ ನೋಡುತ್ತ ನಿಂತೆ. ನೋಡಿ ಸಾಕಾಯಿತು ಎನ್ನುವಷ್ಟು ಹೊತ್ತಿನ ಮೇಲೆ ಅವನು ಬಾಯಿ ಬಿಟ್ಟ.

"ಮನಿರೀ. ನಮ್ಮತ್ತಿಗಿ ಮನಿ. ಸಾಮಾನು ನಮ್ಮವು. ಕಳ್ಳರ ಅಂಜಿಕಿಗಿ ಇಲ್ಲಿ ಇಟ್ಟೀವಿ."

"ಇಕಿ ಇಲ್ಲೇ ಇರ್ತಾಳೇನು?"

"ಇಲ್ಲೇ ಇರ್ತಾಳರೀ. ನಾವ ಹೊರಗ ಇಟ್ಟಿದ್ದಿವಿ."

ಅಮರಮ್ಮ ಗಂಡ ಹುಲಗಪ್ಪ ಎಂದು ಬರೆದುಕೊಂಡು ನನ್ನ ಹೆಬ್ಬೆಟ್ಟು ಕೇಳಿದರು. ನಾನು ಸಹಿ ಮಾಡಿದೆ.

ಸಂಜೆ ಎಲ್ಲರೂ ಹುಣಸೆಮರದ ಕೆಳಗೆ ಕೂತಾಗ ನಾನೂ ಹೋದೆ. ಇಷ್ಟು ವರ್ಷದಲ್ಲಿ ಅಲ್ಲಿ ಹೋಗಿ ಕೂತದ್ದಿಲ್ಲ. ಹತ್ತಿ ಮಾರುವತನಕ ಇಡ್ರಿ, ಬ್ಯಾಡ ಅನ್ನಂಗಿಲ್ಲ ಎಂದೆ. ಆದರೆ ಬ್ಯಾಟರಿ ಹಿಡಿದು ತಿರುಗುವುದು, ಕೆಮ್ಮುವುದು ಇವತ್ತಿಗೆ ಮುಗಿಯಬೇಕು ಎಂದೆ. ಅಂಬರೀಶನ ತಾಯಿ ಬಾಯಿ ತೆರೆದು ಗಂಡನ ಕಡೆ ನೋಡಿದಳು. "ಅಂದ್ರ ನಾ ಹೆದರಿ ಹೆದರಿ ತಾಯತ ಕಟಗೊಂಡಿದ್ದು ಈ ಮಾರೆಪ್ಪನ ಕೆಮ್ಮಿಗೇನು? ಥೂ ನಿಮ್ಮ!" ತಾಯಿತ ಹರಿದು ಗಂಡನ ಮೇಲೆಯೇ ಎಸೆದಳು. ಬಹಳ ದಿನದ ಮೇಲೆ ದೊಡ್ಡಿ ನಕ್ಕಿತು.

ಈಗ ಹಳ್ಳ ಇಳಿದಿದೆ, ಮೋಟಾರುಗಳನ್ನು ಮತ್ತೆ ದಂಡೆಗೆ ಇಳಿಸಬೇಕು. ಯಾರು ಕಾಯಬೇಕು ಎಂದು ನಾನೇ ಕೇಳಿದೆ. ಮತ್ತೆ ಎಲ್ಲರೂ ನೆಲ ನೋಡಿದರು. ನಾನು ಬೂಟುಗಳನ್ನು ತಂದು ನಡುವೆ ಇಟ್ಟೆ. ಮನೆಗೊಂದು ಪಾಳಿ, ಒಬ್ಬರೇ ಹೋಗುವಂತಿಲ್ಲ, ಇಬ್ಬರು ಹೋಗಬೇಕು, ಬೂಟು ಹಾಕದೆ ಹೋಗುವಂತಿಲ್ಲ ಎಂದೆ. ಅಂಬರೀಶನ ಅಪ್ಪ ಅಂದ, "ಆತವ್ವಾ, ಎಂಟು ಮನಿಗೆ ಪಾಳಿ ಹಚ್ಚತೀವಿ. ಹೆಣಮಕ್ಕಳ ಮನಿ, ನಿನಗ್ಯಾಕ ಬಿಡು."

"ಮುಂಜಾನಿ ಒಂಬತ್ತು ಮನಿ ಬರಸೀರಿ. ಸಂಜಿಗೆ ಎಂಟ ಹ್ಯಾಂಗ ಆದವು?"

ಅಂಬರೀಶನ ತಾಯಿ ನನ್ನ ಪಕ್ಕಕ್ಕೆ ಸರಿದು ಕೂತಳು. "ನಾ ಬರ್ತೀನಿ ಬೇ ನಿನ್ನ ಜೋಡಿ. ಈ ಮುದುಕನ ಗೊರಕಿಗೆ ಹೆಂಗೂ ನಿದ್ದಿ ಬರಂಗಿಲ್ಲ ನನಗ."

ಮೊದಲ ಪಾಳಿ ಮಾರೆಪ್ಪನದು, ಅಂಬರೀಶನ ಜೊತೆ. ಈಗಷ್ಟೇ ಬೂಟು ಒಯ್ಯಲು ಬಂದಿದ್ದ. ಅವನ ಪಾದಕ್ಕೆ ಬಿಗಿಯಾಯಿತು. ಹೊಸ್ತಿಲಲ್ಲೇ ಕೂತು ಕಾಲು ತುರುಕಿದ. ಎದ್ದು ನಿಂತವನು ಹೋಗಲಿಲ್ಲ. "ಅತ್ತಿಗಿ, ಅಕಿಗಿ ಒಂದು ಕಾಗದ ಬರಿರಿ, ಬಾ ಅಂತ" ಎಂದ. ಇರಬೇಡ ಎಂದು ಬಾಯಿಂದ ಹೇಳಿದವನು ಬಾ ಎಂದು ಕಾಗದದಲ್ಲಿ ಯಾಕೆ ಹೇಳಬೇಕು, ನೀನೇ ಹೋಗಿ ಹೇಳು ಎಂದೆ. "ಅಕಿಗಿ ಕೇಳಸಂಗಿಲ್ಲಲ್ಲ" ಎಂದ. "ಅಕಿಗಿ ಕಾಣಸತದ" ಎಂದೆ. ತಲೆ ತಗ್ಗಿಸಿ ಹಳ್ಳದ ಕಡೆ ಹೋದ. ಕಲ್ಲೂರಿಗೆ ಬರುತ್ತಾನೋ ಇಲ್ಲವೋ ಹೇಳಲಾರೆ. ಬಂದರೆ, ಹೊರಡುವುದು ಬಿಡುವುದು ನಿನ್ನ ಇಷ್ಟ. ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ. ನೀನು ಕ್ಷಮಿಸಬೇಕೆಂದೂ ಹೇಳುವುದಿಲ್ಲ. ಇಲ್ಲಿ ನನ್ನ ಮನೆಯಲ್ಲೂ ನಿನಗೆ ಜಾಗವಿದೆ.

ಕತ್ತಲಾಗುತ್ತಿದೆ, ಅಕ್ಷರ ಕಾಣುವುದಿಲ್ಲ. ಹಳ್ಳದ ದಂಡೆಯಲ್ಲಿ ಅವರು ಮಲಗಿ ಕಾಯುತ್ತಿದ್ದ ಜಾಗಕ್ಕೆ, ಅವರು ಹೋದ ಮೇಲೆ ನಾನು ಕಾಲಿಟ್ಟಿಲ್ಲ. ಈ ಕಾಗದ ಅಂಬರೀಶ ದೇವದುರ್ಗದಲ್ಲಿ ಹಾಕುತ್ತಾನೆ.

ನಾಳೆ ಪಾಳಿ ನಮ್ಮ ಮನೆಯದು.

ಅಮರಮ್ಮ